ಬರಿಗೈಯವನಿಗೊಂದು ಸೀಟು

ನಮ್ಮಕ್ಕ ಶ್ಯಾಮಲಮ್ಮನ ಗಂಡ, ಬೈರಕೂರಿನ ಕೋದಂಡರಾಮಪ್ಪ, ಮಿಲಿಟರಿಯವರು. ಕೂತಲ್ಲಿ ಕೂತವರಲ್ಲ. ಊಟಕ್ಕೆ ಕೂತರೂ ಕಣ್ಣು ಬಾಗಿಲ ಕಡೆಗೇ. ಅಂಥವರನ್ನು ಸರ್ಕಾರ ಲಡಾಖಿನ ಹಿಮದಲ್ಲಿ ಒಯ್ದು ಕೂರಿಸಿತು ನೋಡಿ! ೧೯೭೮ರಲ್ಲಿ ಅಕ್ಕ ಹೆರಿಗೆಗೆಂದು ನಂಗಲಿಗೆ, ನಮ್ಮ ಮನೆಗೆ ಬಂದಳು. ಹೆಣ್ಣು ಮಗುವಾಯಿತು. ಮಗು ಅಂಬೆಗಾಲಿಡುವ ಹೊತ್ತಾದರೂ ಅದರ ಅಪ್ಪನಿಗೆ ರಜೆ ಸಿಗಲಿಲ್ಲ.

ಸಿಕ್ಕಾಗ ಚಳಿಗಾಲ. ಹಿಮ ಬಿದ್ದು ರಸ್ತೆ ಮುಚ್ಚಿತ್ತು. ಲೇಹ್‌ನಿಂದ ಇಳಿಯಲು ಮಿಲಿಟರಿ ವಿಮಾನವೊಂದೇ ದಾರಿ. ಅದರಲ್ಲಿ ಭಾವನಿಗೆ ಖಾಯಂ ಸೀಟಿರಲಿಲ್ಲ. ಜಾಗ ಮಿಕ್ಕರೆ ಹತ್ತಬಹುದು ಎಂದು ಕಾಯುವವರ ಗುಂಪಿಗೆ ಸೇರಿಸಿದ್ದರು. ಸೀಟಿದ್ದವರಿಗೆ ಇಪ್ಪತ್ತು ಕಿಲೋ ಸಾಮಾನು ಬಿಡುತ್ತಿದ್ದರಂತೆ. ಕಾಯುವವರಿಗೆ ಆ ಭರವಸೆಯೂ ಇಲ್ಲ, ವಿಮಾನ ಎಷ್ಟು ಹೊತ್ತೀತೋ ಅಷ್ಟೇ. ಭಾವ ಮಾತ್ರ ಕಬ್ಬಿಣದ ಟ್ರಂಕು ತುಂಬಿಸಿ, ಬೀಗ ಹಾಕಿ, ಹಗ್ಗ ಬಿಗಿದಿದ್ದರು. ಒಣಹಣ್ಣು, ಅಕ್ಕನಿಗೆ ಶಾಲು, ಮಗುವಿಗೆ ಉಣ್ಣೆ ಟೋಪಿ. ಹೆತ್ತಪ್ಪನೇ ಆಗಲಿ, ಮೊದಲ ಸಲ ಮಗುವಿನ ಮುಖವನ್ನು ಬರಿಗೈಯಲ್ಲಿ ನೋಡಬಾರದು. ನಮ್ಮ ಕಡೆ ಇದನ್ನು ಯಾರೂ ಮೀರುವುದಿಲ್ಲ.

ದಿನಾ ಬೆಳಗ್ಗೆ ಟ್ರಂಕು ಹೊತ್ತು ಹೋಗುವುದು, ಹೆಸರು ಕೂಗಲಿಲ್ಲವೆಂದು ವಾಪಸು ಬರುವುದು. ಒಂದು ದಿನ ಮೋಡ, ಒಂದು ದಿನ ವಿಮಾನವೇ ಇಲ್ಲ. ಬಿಸಿಲೇರಿದರಂತೂ ಆ ಎತ್ತರದಲ್ಲಿ ವಿಮಾನಕ್ಕೆ ಭಾರ ಎತ್ತುವ ಶಕ್ತಿ ಇಳಿಯುತ್ತದಂತೆ, ಇದ್ದ ಜಾಗವೂ ಹೋಯಿತು. ಭಾವ ಅತ್ತಿಂದಿತ್ತ ನಡೆದದ್ದೇ ನಡೆದದ್ದು. ಜೊತೆಗಿದ್ದ ಶ್ರೀನಿವಾಸಪುರದ ಮುನಿಶಾಮಿಗೆ ನೋಡಿ ನೋಡಿ ತಲೆ ಕೆಟ್ಟಿತು.

"ಲೇ, ಒಂದ್ ಕಡೆ ಕೂತ್ಕೊಳ್ಳೋ ಪುಣ್ಯಾತ್ಮ! ನೀನ್ ಓಡಾಡಿದ್ರೆ ವಿಮಾನ ಬರ್ತದಾ?"

ಕೊನೆಗೊಂದು ಬೆಳಗ್ಗೆ, ವಿಮಾನ ಹೊರಡಲು ಸದ್ದು ಮಾಡುತ್ತಿರುವಾಗ, ಸುಬೇದಾರ ಓಡಿಬಂದು ಕೂಗಿದ. ಒಬ್ಬನಿಗೆ ಜಾಗವಿದೆ, ಸಾಮಾನಿಗಿಲ್ಲ. ಬರಿಗೈಯಲ್ಲಿ ಬರುವವನು ಯಾರು?

ಭಾವ ಟ್ರಂಕು ನೋಡಿದರು, ವಿಮಾನ ನೋಡಿದರು. ಟೋಪಿಯನ್ನಾದರೂ ತೆಗೆಯೋಣವೆಂದರೆ ಹಗ್ಗ ಬಿಚ್ಚುವಷ್ಟೂ ಹೊತ್ತಿಲ್ಲ.

"ಹೋಗೋ! ಹಿಮ ಹಿಡಿದ್ರೆ ತಿಂಗಳುಗಟ್ಲೆ ಇಲ್ಲೇ ಬಿದ್ದಿರ್ತೀಯ ಕಣೋ. ಟ್ರಂಕು ನಾನ್ ಕಳಿಸ್ತೀನಿ" ಎಂದು ಮುನಿಶಾಮಿ ಬೆನ್ನಿಗೊಂದು ಗುದ್ದಿದ. ಭಾವ ಓಡಿದರು. ಪರ್ಸೂ ಟ್ರಂಕಿನಲ್ಲೇ ಉಳಿಯಿತೆಂದು ಹೊಳೆದದ್ದು ಆಕಾಶಕ್ಕೆ ಏರಿದ ಮೇಲೆ! ಜೇಬಿನಲ್ಲಿದ್ದದ್ದು ರೈಲಿನ ಪಾಸು ಮಾತ್ರ. ವಿಮಾನ ಇಳಿದು ಹತ್ತಿದ ರೈಲಿನಲ್ಲಿ ಯಾರೋ ಕೊಟ್ಟದ್ದು ತಿಂದು, ಬೆಂಗಳೂರಿನಲ್ಲಿ ಲಾರಿಯವನನ್ನು ಕೇಳಿಕೊಂಡು, ನಂಗಲಿಗೆ ಬಂದಿಳಿದರು.

ನಾನು ಅಂಗಳ ಗುಡಿಸುತ್ತಿದ್ದೆ. ತಲೆಯೆತ್ತಿದರೆ ಬೇಲಿಯ ಹತ್ತಿರ ಭಾವ.

"ಏನ್ ಭಾವ, ಸಾಲ ಕೇಳೋಕ್ ಬಂದೋರ್ ಥರ ನಿಂತ್ಬಿಟ್ರಿ? ಒಳಗ್ ಬನ್ನಿ!"

ಅವರು ಬೀದಿಯ ಕಡೆ ಮುಖ ತಿರುಗಿಸಿಕೊಂಡರು. "ಬೇಡಮ್ಮ, ಬರಿಗೈಲಿ ಬಂದಿದ್ದೀನಿ. ಮಗೂನ ಒಳಗೇ ಇಟ್ಕೊಳ್ಳೋಕೆ ಹೇಳು. ಟ್ರಂಕು ಬರ್ಲಿ, ಆಮೇಲ್ ನೋಡ್ತೀನಿ."

ಹಾಗೆಂದವರು ಜಗಲಿಯಿಂದ ಬೇಲಿಗೆ, ಬೇಲಿಯಿಂದ ಜಗಲಿಗೆ ಶುರುವಿಟ್ಟುಕೊಂಡರು. ಒಳಗೆ ಮಗು ಕಿಲಕಿಲ ಎಂದರೆ ಕುತ್ತಿಗೆ ತಾನಾಗಿ ಹೊರಳುವುದು, ಮತ್ತೆ ಬಲವಂತವಾಗಿ ಬೀದಿಗೆ ತಿರುಗುವುದು. ನನಗೆ ಮೊದಲು ನಗು ಬಂತು, ಆಮೇಲೆ ಪೊರಕೆ ಬಿಟ್ಟು ಒಳಗೆ ಹೇಳಲು ಓಡಿದೆ. ಬಾಗಿಲ ಹಿಂದೆ ಅಕ್ಕ ಸೆರಗು ಕಚ್ಚಿಕೊಂಡು ಅಳುತ್ತಿದ್ದಳು. ಅಮ್ಮನ ಭಯ ಅವಳಿಗೆ. ನಮ್ಮಮ್ಮ ಮುನಿಗಂಗಮ್ಮ ಶಾಸ್ತ್ರದ ವಿಷಯದಲ್ಲಿ ದೇವರು ಬಂದು ಕೇಳಿದರೂ ಜಗ್ಗುವವಳಲ್ಲ.

ಅಮ್ಮ ಮಗುವಿನ ಮುಖಕ್ಕೆ ಸೆರಗು ಮುಚ್ಚಿ, ಎತ್ತಿಕೊಂಡು ಅಂಗಳಕ್ಕೆ ಬಂದಳು. ಅಳಿಯನ ಬೆನ್ನ ಹಿಂದೆ ನಿಂತಳು.

"ಕಣ್ ಮುಚ್ಕೊಂಡ್ ಈ ಕಡೆ ತಿರುಗಿ, ನಾಯ್ನಾ, ನಮ್ಮಪ್ಪಾ. ಕೈ ಚಾಚಿ."

ಭಾವ ಚಾಚಿದರು. ಅಮ್ಮ ಮಗುವನ್ನು ಆ ಕೈಗಳಲ್ಲಿಟ್ಟು ಸೆರಗು ಸರಿಸಿದಳು.

"ಈಗೆಲ್ಲಿದೆ ಬರಿಗೈ? ಕಣ್ ಬಿಡಿ."

ಭಾವ ಕಣ್ಣು ಬಿಟ್ಟರು. ಮಗು ಆ ಹೊಸ ಮೀಸೆಯ ಮುಖವನ್ನು ಒಂದು ಗಳಿಗೆ ನೋಡಿ, ಬೀದಿಗೆಲ್ಲ ಕೇಳುವಂತೆ ಕಿರುಚಿಕೊಂಡಿತು. ಅಕ್ಕ ಓಡಿಬಂದು ಎತ್ತಿಕೊಳ್ಳಲು ಕೈ ನೀಡಿದಳು. ಭಾವ ಕೊಡಲಿಲ್ಲ. ಅವರ ಮೀಸೆಯೂ ಒದ್ದೆಯಾಗಿತ್ತು.

"ಅಳ್ಲಿ ಬಿಡೇ. ನನ್ನನ್ ನೋಡಿ ತಾನೇ ಅಳ್ತಿರೋದು?"