ಬೈಕಿಗೆ ಚೊಗರು ಬಳಿದ ಮಹೇಶ್ವರಪ್ಪ

ನಮ್ಮ ಪಕ್ಕದ ಮನೆಯ ಮಹೇಶ್ವರಪ್ಪನವರ ಮನೆಯಲ್ಲಿ ಬೆಳಿಗ್ಗೆ ಮೊದಲ ನೀರು ಬೀಳುವುದು ಬೈಕಿನ ತಲೆಗೆ. ಲಿಂಗಪೂಜೆ ಆಮೇಲೆ. ಹೆಂಡತಿ ಕಸ್ತೂರಮ್ಮನ ಕಡೆ ತಿರುಗಿ ನೋಡುವುದು ಅದಕ್ಕೂ ಆಮೇಲೆ, ಅದೂ ಕಾಫಿ ಬಂತೋ ಇಲ್ಲವೋ ಎಂದು. ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ, ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ನಮ್ಮಿಬ್ಬರ ಹಿತ್ತಲಿಗೂ ಒಂದೇ ಗೋಡೆ, ಅದೂ ಮೋಟು ಗೋಡೆ.

ಅವರದು ಅಡಿಕೆ ವ್ಯಾಪಾರ. ತೋಟದವರಿಂದ ಹಸಿ ಅಡಿಕೆ ಕೊಂಡು, ಹಿತ್ತಲಲ್ಲೇ ಸುಲಿಸಿ ಬೇಯಿಸಿ ಒಣಗಿಸಿ ಚನ್ನಗಿರಿಗೆ ಹಾಕುತ್ತಾರೆ. ಸಂಜೆ ಚನ್ನಗಿರಿಯಿಂದ ಬರುವಾಗ ಸೂಳೆಕೆರೆ ಪಕ್ಕದ ರಸ್ತೆಯಲ್ಲಿ ಹುಳುಗಳ ದಂಡು ಎದುರಾಗುತ್ತದೆ. ನಾವೆಲ್ಲ ಬಾಯಿ ಮುಚ್ಚಿಕೊಳ್ಳುತ್ತೇವೆ. ಅವರು ಬೈಕು ನಿಧಾನ ಮಾಡುತ್ತಾರೆ, ಸೈಕಲ್ಲಿನವರು ಬೆಲ್ ಹೊಡೆದು ಮುಂದೆ ಹೋಗುವಷ್ಟು ನಿಧಾನ. ಆದರೂ ಆ ಬಿಳಿ ಬೈಕಿನ ಮಡ್‌ಗಾರ್ಡು, ಹೆಡ್‌ಲೈಟಿನ ಹಣೆ, ಟ್ಯಾಂಕಿಗೆಲ್ಲ ಹುಳು ಅಂಟದೆ ಬಿಡುವುದಿಲ್ಲ. ಬೆಳಿಗ್ಗೆ ಹಳೇ ಪಂಚೆಯನ್ನು ನೀರಲ್ಲಿ ಅದ್ದಿ, ಜ್ವರ ಬಂದ ಮಗುವಿಗೆ ಪಟ್ಟಿ ಹಾಕುವ ಹಾಗೆ ಬೈಕಿಗೆ ಹಾಸುತ್ತಾರೆ. ಕಾಫಿ ಕುಡಿದು ಬರುವಷ್ಟರಲ್ಲಿ ಹುಳು ನೆನೆದಿರುತ್ತದೆ, ಮೆಲ್ಲಗೆ ಒರೆಸುತ್ತಾರೆ.

“ಉಜ್ಜಬಾರದಮ್ಮ ಅರುಣಾ, ನೆನೆಸ್ಬೇಕು. ಉಜ್ಜಿದ್ರೆ ಬಣ್ಣ ಕಿತ್ತು ಬರ್ತೈತೆ” ಎಂದು ಗೋಡೆಯಾಚೆಯಿಂದ ನನಗೆ ಪಾಠ. ಪಾಠವೇನೋ ಸರಿಯಾದದ್ದೇ.

ಆದರೆ ಕಸ್ತೂರಮ್ಮ ಆ ಬೈಕಿನ ಹಿಂದೆ ಕೂತದ್ದನ್ನು ಊರಲ್ಲಿ ಯಾರೂ ಕಂಡಿಲ್ಲ. ಸೀರೆಯ ಜರಿ ಬಣ್ಣ ಗೀರುತ್ತದಂತೆ, ಕಾಲುಚೈನು ಗೀರುತ್ತದಂತೆ, ಬಳೆಯ ಸುದ್ದಿಯಂತೂ ಎತ್ತಲೇಬೇಡಿ. ತವರು ಹೊನ್ನಾಳಿಗೆ ಅವರು ಬಸ್ಸಿನಲ್ಲಿ, ಇವರು ಹಿಂದಿನಿಂದ ಬೈಕಿನಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ! ನನಗೆ ಮೈಯೆಲ್ಲ ಉರಿಯುತ್ತಿತ್ತು. ಕಸ್ತೂರಮ್ಮ ಮಾತ್ರ ಬಸ್ಸಿನ ಕಿಟಕಿಯಿಂದ ಕೈ ಬೀಸಿ ನಗುತ್ತಿದ್ದರು. ಆ ನಗು ನನಗೆ ಒಂದು ದಿನವೂ ಹಿಡಿಸಲಿಲ್ಲ.

ಈ ಸಲ ಅಡಿಕೆ ಕೊಯ್ಲಿನ ಹೊತ್ತಿಗೆ ಹೊನ್ನಾಳಿಯಲ್ಲಿ ಕಸ್ತೂರಮ್ಮನ ತಂಗಿ ಪ್ರಮೀಳಾಳ ಹೊಸ ಮನೆಯ ಗೃಹಪ್ರವೇಶ ಬಂತು. ಕಸ್ತೂರಮ್ಮ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದ್ದು ನನ್ನ ಕಿವಿಗೂ ಬಿತ್ತು.

“ಈ ಸಲ ನಿಮ್ ಹಿಂದೆ ಬೈಕಿನಾಗೆ ಕೂತೇ ಬರಾದು. ಇಲ್ಲಾಂದ್ರೆ ನಾನು ಹೋಗದೇ ಇಲ್ಲ. ಬಸ್ಸಿಂದ ಒಬ್ಳೇ ಇಳಿದ್ರೆ ಎಲ್ರೂ ಭಾವ ಎಲ್ಲಿ ಅಂತಾರೆ. ಹಿಂದೆ ಬರ್ತಾ ಅದಾರೆ ಅಂತ ಹೇಳಿ ಹೇಳಿ ನನಗೆ ನಾಚಿಕೆ ಆಗೈತೆ.”

ಮಹೇಶ್ವರಪ್ಪ ಹೂಂ ಅಂದರು. ರೊಟ್ಟಿಯ ಸದ್ದು ಮತ್ತೆ ಶುರುವಾಗಬೇಕಿತ್ತಲ್ಲ.

ಅಷ್ಟರಲ್ಲಿ ಕಸ್ತೂರಮ್ಮನ ತಮ್ಮ ಮಹಾಂತೇಶ್ ಜಗಳೂರಿಗೆ ಹೋಗಬೇಕೆಂದು ಬೈಕು ಕೇಳಿದ. ಹೆಂಡತಿಯ ತಮ್ಮನಿಗೆ ಇಲ್ಲ ಅನ್ನುವುದು ಹೇಗೆ? ಅವನು ಹುಳುಗಳ ಸಮೇತ ಬೈಕನ್ನು ಅಲ್ಲಿ ಬಿಸಿಲಿಗೆ ಬಿಟ್ಟು, ತನಗೆ ಪುರುಸೊತ್ತಾದಾಗ ತಂದು ನಿಲ್ಲಿಸಿ ಹೋದ. ಹುಳುಗಳು ಒಣಗಿ ಬಣ್ಣಕ್ಕೆ ಕಚ್ಚಿಕೊಂಡಿದ್ದವು. ಪಂಚೆ ಹಾಸಿ ಹಾಸಿ ಮಹೇಶ್ವರಪ್ಪ ಕುಡಿದ ಕಾಫಿಗೆ ಲೆಕ್ಕವಿಲ್ಲ. ಶಾಂಪೂ ಆಯಿತು, ಸೀಮೆಎಣ್ಣೆ ಆಯಿತು. ಕಡೆಗೆ, ಉಜ್ಜಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳಿದ ಮನುಷ್ಯ ತೆಂಗಿನ ನಾರು ಹಿಡಿದು ಗಸಗಸ ಉಜ್ಜಿದರು. ಹೊಳಪು ಹೋಯಿತು, ಹುಳು ಹೋಗಲಿಲ್ಲ.

ಗೃಹಪ್ರವೇಶ ನಾಳೆ ಅನ್ನುವ ದಿನ ಹಿತ್ತಲಲ್ಲಿ ಅಡಿಕೆ ಬೇಯುತ್ತಿತ್ತು. ಅಡಿಕೆ ಬೇಯಿಸಿ ಉಳಿಯುವ ಕೆಂಪು ಗಟ್ಟಿ ನೀರೇ ಚೊಗರು. ಅದನ್ನು ಬೆಂದ ಅಡಿಕೆಗೆ ಕಲಸಿ ಬಿಸಿಲಿಗೆ ಹಾಕಿದರೆ ಒಳ್ಳೇ ಬಣ್ಣ, ಒಳ್ಳೇ ಮಿಂಚು. ಮಹೇಶ್ವರಪ್ಪ ಹಂಡೆಯನ್ನು ನೋಡಿದರು, ಬೈಕನ್ನು ನೋಡಿದರು.

“ಅಡಿಕೆಗೆ ಮಿಂಚು ಕೊಡಾದು ಬೈಕಿಗೆ ಕೊಡಲ್ವಾ?”

“ಬ್ಯಾಡ್ರೀ, ನನ್ ಕೈ ನೋಡ್ರಿ” ಎಂದು ಕಸ್ತೂರಮ್ಮ ಚೊಗರು ಹಿಡಿದು ಕಂದುಗಟ್ಟಿದ ಬೆರಳುಗಳನ್ನು ಎತ್ತಿ ತೋರಿಸಿದರು. “ಎಷ್ಟು ಸೋಪು ಹಾಕಿದ್ರೂ ಹೋಗಲ್ಲ.”

“ಕೈ ಬೇರೆ, ಪೇಂಟ್ ಬೇರೆ. ಪೇಂಟ್ ಏನನ್ನೂ ಕುಡಿಯಲ್ಲ.”

ಕುಡಿಯುತ್ತಿರಲಿಲ್ಲ, ನಾರಿನಿಂದ ಮೈಯೆಲ್ಲ ಗೀರದೆ ಇದ್ದಿದ್ದರೆ. ಬಳಿದರು. ಬಳಿದು, ಅಡಿಕೆ ಹರವಿದ್ದ ಪಕ್ಕದಲ್ಲೇ ಬೈಕನ್ನೂ ಬಿಸಿಲಿಗೆ ನಿಲ್ಲಿಸಿದರು. ಸಂಜೆ ತೊಳೆದು ನೋಡಿದರೆ ಗಣಪನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಗಿತ್ತು. ಬಿಳಿ ಬೈಕು ಎಲೆಅಡಿಕೆ ಉಗಿದ ಬಸ್‌ಸ್ಟ್ಯಾಂಡಿನ ಗೋಡೆಯಂತೆ ಕಾಣುತ್ತಿತ್ತು. ಹುಳುಗಳು ಇದ್ದಲ್ಲೇ ಇದ್ದವು, ಈಗ ಅವಕ್ಕೂ ಮಿಂಚು ಬಂದಿತ್ತು. ನಾನು ಗೋಡೆಯ ಈಚೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ.

ಮರುದಿನ ಬೆಳಿಗ್ಗೆ ಆ ನಗು ನಿಂತಿತು. ಮಹೇಶ್ವರಪ್ಪ ಹೇಳುತ್ತಿದ್ದರು: “ನೀನು ಬಸ್ಸಿಗೆ ಹೋಗ್ಬಿಡು. ಈ ಗಾಡಿ ತಗಂಡು ನಾನು ನಿಮ್ಮೋರ ಮುಂದೆ ಹೆಂಗೆ ಬರ್ಲಿ?”

ಕಸ್ತೂರಮ್ಮ ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ನಿಂತಿದ್ದರು. ಅಂಗಳಕ್ಕೆ ಬಂದು, ಸ್ಟ್ಯಾಂಡು ಹಾಕಿದ್ದ ಬೈಕಿನ ಹಿಂದಿನ ಸೀಟಿನ ಮೇಲೆ ಕೂತುಬಿಟ್ಟರು. ಕಣ್ಣು ತುಂಬಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು.

“ಬೆಳ್ಳಗಿದ್ದಾಗ ನಾನು ಗೀರ್ತೀನಿ ಅಂದ್ರಿ. ಈಗ ಗೀರಾಕೆ ಏನ್ ಉಳಿದೈತೆ? ಗಾಡಿ ತೆಗೀರಿ.”

ಮಹೇಶ್ವರಪ್ಪ ಒಳಗೆ ಹೋಗಿ ಬೀಗದ ಕೈ ತಂದರು. ಆಮೇಲೆ ಹೆಲ್ಮೆಟ್ ಹಾಕಿಕೊಂಡು ಗಾಡಿ ತೆಗೆದರು. ಬಸ್ಸಿಗೆ ಕಾದು ನಿಂತಿದ್ದವರೆಲ್ಲ ಬಾಯಿ ಬಿಟ್ಟು ನೋಡಿದರು. ನನಗಂತೂ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು.

ಹೊನ್ನಾಳಿಯಿಂದ ಬಂದ ಮೇಲೆ ಮಹೇಶ್ವರಪ್ಪನವರೇ ಗೋಡೆಯ ಹತ್ತಿರ ಬಂದರು, ಮುಖ ದಪ್ಪ ಮಾಡಿಕೊಂಡು.

“ಜನ ನಗ್ತಾರೆ ಅಂತ ಹೆಲ್ಮೆಟ್ಟೇ ತೆಗೀಲಿಲ್ಲ ಕಣಮ್ಮ. ಒಬ್ರಾದ್ರೂ ಗಾಡಿ ಕಡೆ ನೋಡ್ಬೇಕಲ್ಲ? ಚಪ್ಪರದಾಗಿದ್ದ ಜನ ಎಲ್ಲ ಇವಳು ಇಳಿಯಾದನ್ನೇ ನೋಡಾಕೆ ಹತ್ತಿದ್ರು. ಪ್ರಮೀಳಾ ಓಡಿ ಬಂದು ಅಕ್ಕನ ಕೈ ಹಿಡ್ಕಂಡು ಅತ್ತೇಬಿಟ್ಲು.”

ಬೈಕನ್ನು ಯಾರೂ ನೋಡದೆ ಹೋದದ್ದಕ್ಕೆ ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಎಂಥ ಮನುಷ್ಯ!

“ಆಗ ನೀವೇನ್ ಮಾಡಿದ್ರಿ?” ಎಂದು ಕೇಳಿದೆ.

“ಇನ್ನೇನ್ ಮಾಡ್ಲಿ? ಅಷ್ಟು ಜನ ಏನ್ ನೋಡ್ತಾ ಅದಾರೆ ಅಂತ ಹೆಲ್ಮೆಟ್ ತೆಗೆದು ನಾನೂ ನೋಡಿದೆ.”