ಮಗಳು ಅಟ್ಟ ಹತ್ತಿದ ಸಂಜೆ

ನನ್ನವು ಅವಳಿ ಮಕ್ಕಳು, ಒಂದು ಗಂಡು ಒಂದು ಹೆಣ್ಣು. ಇಬ್ಬರೂ ಯುಕೆಜಿ, ಒಂದೇ ಬೆಂಚು. ಶನಿವಾರ ಶಾಲೆಗೆ ಕರೆಸಿದ ಮಿಸ್, ಅವನನ್ನು ಒಂದನೇ ತರಗತಿಗೆ ಕಳಿಸಿ ಇವಳನ್ನು ಇನ್ನೊಂದು ವರ್ಷ ಅಲ್ಲೇ ಕೂರಿಸೋಣ ಎಂದರು.

"ಅವನು ಏನಿಟ್ರೂ ಎಣಿಸ್ತಾನೆ ಕಣ್ರೀ. ಬಿಸಿಲಲ್ಲಿಟ್ಟ ನೀರು ಎಲ್ಲೋಯ್ತು ಅಂದ್ರೆ ಇಂಗೋಯ್ತು ಅಂತಾನೆ. ಇವಳು ಬಾಯೇ ಬಿಡಲ್ಲ, ಐದಕ್ಕೇ ನಿಂತ್ಬುಡ್ತಾಳೆ. ಸೋಮವಾರ ಇನ್ನೊಂದ್ಸಲ ಕೇಳಿ ನೋಡ್ತೀನಿ."

ಬಸ್ಸಿನಲ್ಲಿ ವಾಪಸು ಬರುವಾಗ ಅದೇ ಯೋಚನೆ. ಒಟ್ಟಿಗೆ ಹುಟ್ಟಿ, ಒಂದೇ ತಟ್ಟೆಯಲ್ಲಿ ಉಂಡವರು. ಇವಳೊಬ್ಬಳಿಗೆ ಮಾತ್ರ ತಲೆ ಕಡಿಮೆ ಹೇಗಾಯಿತು?

ಉತ್ತರ ಮನೆಯಲ್ಲೇ ಇತ್ತು. ಸಂಜೆಯಾದರೆ ಮಾವ ಮೊಮ್ಮಗನನ್ನು ಮುಂದೆ ಬಿಟ್ಟುಕೊಂಡು ಕೊಬ್ಬರಿ ಅಟ್ಟ ಹತ್ತುತ್ತಾರೆ. ಒಣಗಲು ಹಾಕಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸುವುದು, ನೀರಿನ ಸದ್ದಾದರೆ ಅಲ್ಲೇ ಬಿಡುವುದು, ಒಳಗೆ ಒಣಗಿದ ಕೊಬ್ಬರಿ ಗಡಗಡ ಎಂದರೆ ಎಣಿಸಿ ಬಿದಿರಿನ ಮಂಕರಿಗೆ ಹಾಕುವುದು. ಮಗ ಎಣಿಕೆ ಕಲಿತದ್ದು ಅಲ್ಲಿ, ನೀರು ಇಂಗುವುದನ್ನು ಕಂಡದ್ದೂ ಅಲ್ಲೇ. ಮಗಳು ಏಣಿಯ ಬುಡದಲ್ಲಿ ಉದುರಿದ ನಾರು ಗುಡಿಸುತ್ತಾಳೆ. ಅವಳಿಗೆಂದೇ ಪುಟ್ಟ ಪೊರಕೆ ಇದೆ. ತಾತನೇ ಸಂತೆಯಿಂದ ಪ್ರೀತಿಯಿಂದ ತಂದದ್ದು!

ನಾನು ಮನೆ ಸೇರುವ ಹೊತ್ತಿಗೆ ಮಾವ ಆಗಲೇ ಮೊಮ್ಮಗನೊಂದಿಗೆ ಮೇಲಿದ್ದರು.

"ಇವತ್ತು ಇವಳನ್ನೂ ಕರ್ಕೊಳ್ಳಿ ಮಾವ."

"ಹೆಣ್ಮಗ ಕಣವ್ವ, ಬಿದ್ದುಗಿದ್ದಾಳು. ಬುಡು."

"ಅವನು ಬೀಳಲ್ವಾ?"

ಮಾವನಿಗೆ ನಾನು ಎದುರಾಡಿದ್ದು ಅದೇ ಮೊದಲು. ಪೊರಕೆ ಕಿತ್ತುಕೊಂಡು ಮಗಳನ್ನು ಏಣಿ ಹತ್ತಿಸಿದೆ, ಹಿಂದೆಯೇ ನಾನೂ ಹತ್ತಿದೆ. ಮಾವ ಮುಖ ಗಂಟಿಕ್ಕಿಕೊಂಡೇ ಅವಳ ರಟ್ಟೆ ಹಿಡಿದು ಮೇಲೆಳೆದುಕೊಂಡರು.

ಮಗಳು ಎರಡೂ ಕೈಯಲ್ಲಿ ಕಾಯಿ ಎತ್ತಿ ಎತ್ತಿ ಮಂಕರಿಗೆ ಹಾಕಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಮುಂದಿನದನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

"ಒಂಬತ್ತು," ಎಂದಳು.

ಮಗ ಕಿಸಕ್ಕನೆ ನಕ್ಕ. "ನೋಡ್ದಾ?" ಎಂದರು ಮಾವ.

"ಅವನೂ ಮೊದ್ಲು ಮೂರಾದ್ಮೇಲೆ ಹತ್ತು ಅಂದಿದ್ದ ಮಾವ. ನೀವು ಎತ್ಕೊಂಡು ಮುತ್ತಿಟ್ರಿ. ಊರಿಗೆಲ್ಲ ಹೇಳ್ಕೊಂಡು ಬಂದ್ರಿ."

ಮಗಳು ಕಾಯಿ ಬಿಡಲಿಲ್ಲ. ಮಾವ ಮಂಕರಿ ಬೋರಲು ಹಾಕಿ ಕಾಯನ್ನೆಲ್ಲ ಸುರಿದು, ಅವಳ ಪಕ್ಕ ಕುಕ್ಕರುಗಾಲಲ್ಲಿ ಕೂತರು.

"ಬಾರವ್ವ, ಮೊದ್ಲಿಂದ ಎಣ್ಸಾನ."

ಇದು ನಿನ್ನೆಯ ಮಾತು. ನಾಳೆ ಸೋಮವಾರ. ಅಟ್ಟದಿಂದ ಅವಳ ದನಿ ಕೇಳುತ್ತಿದೆ, ಏಳರ ಹತ್ತಿರ ಇನ್ನೂ ತಡವರಿಸುತ್ತಾಳೆ. ಕೆಳಗೆ ಮಗ ಮೂತಿ ಊದಿಸಿಕೊಂಡು ನಾರು ಗುಡಿಸುತ್ತಿದ್ದಾನೆ.