ಸೆರಗಿನ ಗಂಟು ಹುಡುಕಿಕೊಂಡು ಉದಗೀರಕ್ಕೆ

ಅವ್ವ ಮೊನ್ನೆಯಿಂದ ಅನ್ನ ಮುಟ್ಟಿರಲಿಲ್ಲ, ಬರೀ ಗುಟುಕು ನೀರಿನ ಮೇಲಿದ್ದಳು. ಅವತ್ತು ಶಿವದಾರ ಹರಿದಿತ್ತೆಂದು ಕೊರಳಿನ ಲಿಂಗವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಸ್ನಾನ ಮಾಡಿ ಸೀರೆ ಬದಲಿಸುವಷ್ಟರಲ್ಲಿ ಬಾಗಿಲಿಗೆ ಹಳೆಬಟ್ಟೆಗೆ ಪಾತ್ರೆ ಕೊಡುವ ಭಾಂಡಿಯವಳು ಬಂದಳು. ಹಳೆ ಸೀರೆಗಳ ಜೊತೆ ಬಿಚ್ಚಿಟ್ಟ ಆ ಸೀರೆಯನ್ನೂ ಕೊಟ್ಟು ಅವ್ವ ಸ್ಟೀಲಿನ ಡಬ್ಬಿ ತೆಗೆದುಕೊಂಡಳು. ಮೇಲೊಂದು ಮುಚ್ಚಳಕ್ಕಾಗಿ ಚೌಕಾಸಿ ಬೇರೆ! ಪೂಜೆಗೆ ಕೂತು ಎಡ ಅಂಗೈ ಚಾಚಿದಾಗಲೇ ನೆನಪಾದದ್ದು. ಲಿಂಗಪೂಜೆಯಾಗದೆ ಅವಳು ಬಾಯಿಗೆ ತುತ್ತು ಇಡುವವಳಲ್ಲ.

"ಅಯ್ನೋರ್ನ ಕರಸ್ತೀನಿ, ಹೊಸಾದು ಕಟ್ಟಸ್ಕೋ" ಅಂದೆ.

"ಮಣ್ಣಿಗಿ ಹೋಗೂತನಾ ನನ್ ಸಂಗಾಟ ಇರ್ಬೇಕಾದ್ದದು. ಬ್ಯಾರೇದು ಯಾತಕ್ಕ?" ಎಂದು ಗೋಡೆಗೆ ಮುಖ ತಿರುಗಿಸಿದಳು. ಅವಳ ಹಠ ನನಗೆ ಗೊತ್ತು. ಸತ್ತೇ ಹೋಗುತ್ತಾಳೆಂದು ಹೆದರಿದೆ.

ನಮ್ಮೂರು ನಿಲಂಗಾದ ಹಳೆಬಟ್ಟೆಯೆಲ್ಲ ಉದಗೀರದ ಗೋದಾಮುಗಳಿಗೆ ಹೋಗುತ್ತದಂತೆ. ಯಾವ ಗೋದಾಮಿಗೆ ಎಂಬುದು ಭಾಂಡಿಯವಳಿಗೂ ಗೊತ್ತಿರಲಿಲ್ಲ. ಅಲ್ಲಿ ಒಬ್ಬಾಕೆ ಪುಣೆಯಿಂದ ಬಂದವರನ್ನು ಗೋದಾಮು ಗೋದಾಮು ಸುತ್ತಿಸಿ ಹಳೆ ಇಳಕಲ್ಲು ಸೀರೆ, ತಾಮ್ರದ ಹಂಡೆ ಕೊಡಿಸುತ್ತಾಳೆಂದು ಕೇಳಿ, ನಾನೂ ಆ ಟೂರಿಗೆ ಸೇರಿಕೊಂಡೆ.

ಅವರೆಲ್ಲ ಮಾಸಿದ ಸೀರೆ ಹೊದ್ದು ಫೋಟೊ ತೆಗೆಸಿಕೊಳ್ಳುವಾಗ ನಾನು ಸೆರಗಿನ ತುದಿಗಳನ್ನು ಹಿಚುಕುತ್ತಿದ್ದೆ. ನನ್ನನ್ನು ಸೀರೆಯ ಗುಣ ಬಲ್ಲ ಭಾರಿ ಗಿರಾಕಿ ಅಂದುಕೊಂಡ ಒಬ್ಬಳು ನಾನು ಮುಟ್ಟಿದ್ದನ್ನೆಲ್ಲ ಬಾಚಿಕೊಳ್ಳತೊಡಗಿದಳು. ಕೈಯಿಂದ ಕಿತ್ತುಕೊಂಡೆ. ಮರ್ಯಾದೆ ಯಾರಿಗೆ ಬೇಕಾಗಿತ್ತು!

ಕೊನೆಯ ಗೋದಾಮಿನಲ್ಲಿ ಅವ್ವನ ಸೀರೆ ಸಿಕ್ಕಿತು. ಸೆರಗಿನಲ್ಲಿ ಗಂಟಿರಲಿಲ್ಲ. ಅಲ್ಲೇ ಕುಸಿದು ಕೂತು ಅತ್ತೆ. ಗೋದಾಮಿನ ಚಾಚಾ ಓಡಿ ಬಂದ. ಅಳುತ್ತಲೇ ಎಲ್ಲ ಹೇಳಿದೆ.

"ಗಂಟ ನಾವ್ ಮೊದ್ಲೇ ಬಿಚ್ತೀವ್ ಬೆಹೆನ್. ದೇವ್ರ ಸಾಮಾನ ಬಿಸಾಡ್ಲಾಕ ಬರಲ್ಲಲ್ರಿ" ಎಂದು ಗೂಡಿನಿಂದ ಒಂದು ಶುಭ್ರ ಬಟ್ಟೆಯ ಗಂಟು ತಂದು ಬಿಚ್ಚಿದ. ಒಳಗೆ ಒಂದಲ್ಲ, ಒಂದು ಬೊಗಸೆ ಲಿಂಗಗಳಿದ್ದವು. ಎಲ್ಲವೂ ಕಪ್ಪು, ಎಲ್ಲವೂ ನುಣುಪು. ಅವ್ವನದನ್ನು ನಾನು ದಿನಾ ಅವಳ ಅಂಗೈಯಲ್ಲಿ ಕಂಡವಳು, ಆದರೂ ಗುರುತು ಹತ್ತಲಿಲ್ಲ.

"ಎಲ್ಲಾ ಒಯ್ರಿ" ಅಂದ ಚಾಚಾ.

ಮನೆಯಲ್ಲಿ ಅವ್ವ ಒಂದೊಂದನ್ನೇ ಅಂಗೈಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ತೂಕ ನೋಡಿ ಕೆಳಗಿಟ್ಟಳು. ಕೊನೆಯದನ್ನೂ ಇಟ್ಟಳು.

"ಯಾವ್ದರೆ ಒಂದು ನಂದೇ ಅನ್ನವ್ವಾ, ಸುಳ್ಳರೆ ಅನ್ನು" ಎಂದು ಅವಳ ಕಾಲು ಹಿಡಿದೆ.

ಅವ್ವ ಅವನ್ನೆಲ್ಲ ಸೆರಗಿನಿಂದ ಒರೆಸುತ್ತ ಕೂತಿದ್ದಳು. "ಇವ್ ಯಾರ್ಯಾರವೋ ಏನೋ. ಅವ್ರೂ ಎಲ್ಲೋ ಉಣಲಾರ್ದ ಕುಂತಿರ್ಬೇಕು" ಅಂದಳು. ನಾನು ಬಡಿಸಿಟ್ಟ ತಾಟನ್ನು ಮುಟ್ಟಲಿಲ್ಲ.